ಸೋಮಾ ಲಾಫ್ಟಿಗೆ ಬೆಲೆ ಎಷ್ಟಿಡುವುದು?
ಸ್ಯಾನ್ ಫ್ರಾನ್ಸಿಸ್ಕೋದ ಸೋಮಾ ಬಡಾವಣೆಯಲ್ಲಿರುವ ನಿಮ್ಮ ಲಾಫ್ಟನ್ನು (ಎತ್ತರದ ಚಾವಣಿಯ, ಒಳಗೋಡೆ ಕಡಿಮೆ ಇರುವ ಫ್ಲ್ಯಾಟು) 2019ರಲ್ಲಿ ಕೊಂಡ ಬೆಲೆಗಾದರೂ ಮಾರಬಹುದೇ ಅಂತ ಕೇಳಿದ್ದೀರಿ. ಕಷ್ಟ ಸರ್. ನಿಮ್ಮದೇ ಕಟ್ಟಡದಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆ ನೋಡಿ, ಕೇಳುತ್ತಿರುವ ಬೆಲೆ ಅಲ್ಲ. ಎತ್ತರದ ಕಿಟಕಿ ಚೆಂದವೇ, ಆದರೆ ಮಲಗುವ ಅಟ್ಟಕ್ಕೆ ಗೋಡೆ, ಬಾಗಿಲು ಇಲ್ಲದಿದ್ದರೆ ಮಕ್ಕಳಿರುವವರು ನೋಡಲೂ ಬರುವುದಿಲ್ಲ. ಹಾಗಾಗಿ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಬೆಲೆ ಮರೆತುಬಿಡಿ.

ದೊಡ್ಡ ಏಟು ಎಚ್‌ಒಎ ಶುಲ್ಕದ್ದು, ಅಂದರೆ ಕಟ್ಟಡದ ಮನೆ ಮಾಲೀಕರ ಸಂಘಕ್ಕೆ ಕಟ್ಟುವ ಹಣದ್ದು. ತಿಂಗಳಿಗೆ 900 ಡಾಲರ್ ಅಂದಿರಿ, ಅದು 6.5% ಬಡ್ಡಿಗೆ 30 ವರ್ಷಕ್ಕೆ ತೆಗೆದ ಸುಮಾರು 1.42 ಲಕ್ಷ ಡಾಲರ್ ಸಾಲದ ತಿಂಗಳ ಕಂತಿಗೆ ಸಮ. ಕೊಳ್ಳುವವರು ಅಷ್ಟನ್ನು ಬೆಲೆಯಿಂದ ಮನಸ್ಸಿನಲ್ಲೇ ಕಳೆದು ಬರುತ್ತಾರೆ. ಸಂಘದ ಮೀಸಲು ನಿಧಿ, ಮೊಕದ್ದಮೆಗಳ ಕಾಗದ ಮೊದಲೇ ತೆಗೆದಿಡಿ, ಬ್ಯಾಂಕಿನವರು ತಕರಾರು ತೆಗೆಯುವುದು ಅಲ್ಲೇ. ಮತ್ತೆ, ಬೆಲೆಯನ್ನು 8.05 ಲಕ್ಷ ಡಾಲರ್ ಅಂತ ಹಾಕಬೇಡಿ. 8 ಲಕ್ಷದ ಮಿತಿ ಇಟ್ಟು ಹುಡುಕುವವರ ಕಣ್ಣಿಗೇ ಬೀಳುವುದಿಲ್ಲ.