ಆರನೆಯ ಕಿರುಚಿತ್ರವನ್ನಾದರೂ ಡಬ್ಬಿಂಗಿಗೆ ಬಿಡಬೇಡಿ

ನಿಮ್ಮ ಐದೂ ಕಿರುಚಿತ್ರಗಳನ್ನು ನಿನ್ನೆ ರಾತ್ರಿ ಒಂದೇ ಪಟ್ಟಿಗೆ ಕೂತು ನೋಡಿದೆ. ದೆವ್ವದ ಕಥೆ, ಹೋಟೆಲ್ ಮಾಣಿಯ ಹಾಸ್ಯ, ಕಮ್ಮಾರಜ್ಜನ ಸಾಕ್ಷ್ಯಚಿತ್ರ, ಮಾತಿಲ್ಲದ ಪ್ರೇಮಕಥೆ, ಬಸ್ ನಿಲ್ದಾಣದ ಆ ಒಂದೇ ಶಾಟ್. ಒಂದರಂತೆ ಇನ್ನೊಂದಿಲ್ಲ, ಈ ಧೈರ್ಯವನ್ನು ಬಿಡಬೇಡಿ. ಆದರೆ ಐದರಲ್ಲೂ ಒಂದೇ ತಪ್ಪು ಇದೆ: ಶಬ್ದದ ಕಡೆ ಗಮನವಿಲ್ಲ. ಈಗ ಆರನೆಯದಕ್ಕೂ ‘ಅಡುಗೆಮನೆಯಲ್ಲಿ ಅತ್ತೆ ಸೊಸೆಯ ಎಂಟು ನಿಮಿಷದ ಮಾತು, ಕ್ಯಾಮೆರಾದ ಮೈಕೇ ಸಾಕು, ಕೆಟ್ಟರೆ ಡಬ್ಬಿಂಗ್ ಇದೆಯಲ್ಲ’ ಎಂದು ಇಲ್ಲಿ ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿರಲಾಗಲಿಲ್ಲ.

2017ರ ಜೂನ್‌ನಲ್ಲಿ ನಾನೂ ಇದನ್ನೇ ಮಾಡಿದ್ದೆ. ತೀರ್ಥಹಳ್ಳಿ ಹತ್ತಿರ ನೆಂಟರ ಹಂಚಿನ ಮನೆ, ಜಗಲಿಯಲ್ಲಿ ತಾಯಿ ಮಗನ ಮಾತು. ತಾಯಿಯ ಕಡೆಯ ಶಾಟ್‌ಗಳನ್ನು ಬೆಳಿಗ್ಗೆ ತುಂತುರು ಮಳೆಯಲ್ಲಿ ತೆಗೆದೆವು, ಮಗನ ಕಡೆಯವನ್ನು ಊಟದ ನಂತರ. ಅಷ್ಟರಲ್ಲಿ ಬಚ್ಚಲುಮನೆಯ ಜಿಂಕ್ ಶೀಟಿನ ಮೇಲೆ ಮಳೆ ಹುಚ್ಚೆದ್ದು ಸುರಿಯುತ್ತಿತ್ತು. ಎಡಿಟಿಂಗ್‌ಗೆ ಕೂತಾಗ ಪ್ರತಿ ಕಟ್‌ಗೂ ಮಳೆ ಧೋ ಎಂದು ಶುರುವಾಗುವುದು, ತಟ್ಟನೆ ನಿಲ್ಲುವುದು. ಡಬ್ಬಿಂಗಿಗೆ, ಅಂದರೆ ಅದೇ ಮಾತುಗಳನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸಿ ಸೇರಿಸಲು, ಹೋದೆವು. ತಾಯಿಯ ಪಾತ್ರ ಮಾಡಿದ್ದವರು ಅದೇ ಊರಿನ ಹೆಂಗಸು, ಹಿಂದೆಂದೂ ನಟಿಸಿದವರಲ್ಲ. ಜಗಲಿಯಲ್ಲಿ ‘ಊಟ ಮಾಡಿಕೊಂಡಾದರೂ ಹೋಗು’ ಎನ್ನುವಾಗ ‘ಹೋಗು’ ಎಂಬಲ್ಲಿ ಅವರ ದನಿ ಸಣ್ಣಗೆ ಒಡೆದಿತ್ತು. ಸ್ಟುಡಿಯೋದ ಗಾಜಿನ ಹಿಂದೆ ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತು ಸಲ ಹೇಳಿದರು, ಒಂದು ಸಲವೂ ಅದು ಬರಲಿಲ್ಲ. ಚಿತ್ರ ಇವತ್ತಿಗೂ ಹಾರ್ಡ್ ಡಿಸ್ಕ್‌ನಲ್ಲೇ ಇದೆ. ಪಳಗಿದ ಕಲಾವಿದರಿಗೆ ಡಬ್ಬಿಂಗ್ ಒಲಿಯುತ್ತದೆ, ನಮ್ಮ ನಿಮ್ಮ ಚಿತ್ರಗಳಲ್ಲಿ ನಟಿಸುವವರಿಗೆ ಅಲ್ಲ.

ಆಮೇಲೆ ನಾನು ಬಿಡದೆ ರೆಕಾರ್ಡ್ ಮಾಡುತ್ತಿರುವುದು ಖಾಲಿ ಸದ್ದು, ಅಂದರೆ ಯಾರೂ ಮಾತಾಡದಾಗ ಆ ಜಾಗದಲ್ಲಿರುವ ಸದ್ದು. ಪ್ರತಿ ಜಾಗದಲ್ಲೂ ಪ್ಯಾಕಪ್‌ಗೆ ಮೊದಲು, ಎಲ್ಲರೂ ಇದ್ದಲ್ಲೇ ಇದ್ದು, ಲೈಟುಗಳು ಉರಿಯುತ್ತಿರುವಾಗಲೇ ಒಂದು ನಿಮಿಷ ಯಾರೂ ಉಸಿರೆತ್ತದೆ ರೆಕಾರ್ಡ್ ಮಾಡಬೇಕು. ಜನ ಹೊರಗೆ ಹೋದ ಮೇಲೆ ಮಾಡಿದರೆ ಕೋಣೆಯ ಸದ್ದೇ ಬೇರೆಯಾಗುತ್ತದೆ, ಪ್ರಯೋಜನವಿಲ್ಲ. ಮಳೆ ಗಾಳಿ ಬದಲಾದಾಗಲೆಲ್ಲ ಮತ್ತೆ ಮಾಡಿ. ಮಾತುಗಳ ಅಡಿಯಲ್ಲಿ ಇದನ್ನು ಹಾಸಿದರೆ ಕಟ್‌ಗಳು ಕಿವಿಗೆ ಬೀಳುವುದಿಲ್ಲ. ಧಾರಾಕಾರ ಮಳೆಯನ್ನು ಮಾತ್ರ ಇದೂ ಮುಚ್ಚಲಾರದು, ಆಗ ಶೂಟಿಂಗ್ ನಿಲ್ಲಿಸಿ ಕಾಯಿರಿ. ಅಡುಗೆಮನೆಯಾದ್ದರಿಂದ ಫ್ರಿಡ್ಜ್ ಆರಿಸಲೇಬೇಕು. ಆರಿಸಿ ಬೈಕಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಹಾಕದೆ ಮನೆಗೆ ಹೊರಡಲಾರಿರಿ. ಪರರ ಮನೆಯ ಹಾಲು ಮೊಸರು ಕೆಡಿಸಿದರೆ ಆ ಮನೆ ಇನ್ನೊಮ್ಮೆ ಸಿಗುವುದಿಲ್ಲ.

ಮೈಕಿಗೆ ಸಾಲ ಮಾಡಬೇಡಿ. ಬೋಯಾ ಕಂಪನಿಯ ತಂತಿಯ ಕಾಲರ್ ಮೈಕ್ ಇಬ್ಬರಿಗೆ ಎರಡು ಸಾಕು, ಆದರೆ ಸೀರೆಯ ಸೆರಗು ಉಜ್ಜದಂತೆ ಅಂಟಿಸಿ. ನನಗೆ ಇಷ್ಟವಾದ ರೆಕಾರ್ಡರ್ ಜೂಮ್ ಎಫ್2, ಪಿಸುಮಾತನ್ನೂ ಕಿರುಚಾಟವನ್ನೂ ಒಟ್ಟಿಗೆ ಹಿಡಿಯಬಲ್ಲ 32 ಬಿಟ್ ಫ್ಲೋಟ್ ವಿಧಾನ ಅದರಲ್ಲಿರುವುದರಿಂದ ಅತ್ತೆ ಕಿರುಚಿದರೂ ದನಿ ಒಡೆಯುವುದಿಲ್ಲ. ಮೈಕನ್ನು ನಟರ ತಲೆಯ ಮೇಲೆ ಹಿಡಿಯುವ ಬೂಮ್ ಕೋಲಿಗೆ ದುಡ್ಡು ಸುರಿಯಬೇಡಿ, ಬಿದಿರಿನ ದೋಟಿಯ ತುದಿ ಕತ್ತರಿಸಿ ಕಟ್ಟಿಕೊಳ್ಳಿ. ಕೋಲು ಹಿಡಿಯುವವರ ಬಳೆ ತೆಗೆಸಿ. ಟೇಕ್‌ಗೊಂದು ಚಪ್ಪಾಳೆ ಇರಲಿ, ಆಮೇಲೆ ಚಿತ್ರಕ್ಕೆ ಶಬ್ದ ಹೊಂದಿಸಲು ಅದೇ ಗುರುತು.

ಮೊಬೈಲ್‌ನಲ್ಲಿ ತೆಗೆದರೆ ಇನ್ನೊಂದು ತೊಂದರೆ ಇದೆ. ಅದರ ಫ್ರೇಮ್ ವೇಗ ಏರಿಳಿಯುವುದರಿಂದ ಬೇರೆಯಾಗಿ ಹಿಡಿದ ಶಬ್ದ ಬರಬರುತ್ತಾ ತುಟಿಗೆ ಹೊಂದುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಬದಲಿಸಿಕೊಂಡು ಆಮೇಲೆ ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ಗೆ ಹಾಕಿ. ಶಬ್ದ 48 ಕಿಲೋಹರ್ಟ್ಸ್‌ನಲ್ಲೇ ಇರಲಿ. ನಿಮ್ಮ ದೆವ್ವದ ಚಿತ್ರದಲ್ಲಿ ಟ್ಯೂಬ್‌ಲೈಟ್ ಮಿಣಮಿಣ ಎಂದದ್ದು ಹೆದರಿಸಲಿಕ್ಕೆ ಎಂದು ಕೆಲವರು ಹೊಗಳಿದ್ದಾರೆ. ಅದು ಶಟರ್ ತಪ್ಪು. ನಮ್ಮ ವಿದ್ಯುತ್ 50 ಹರ್ಟ್ಸ್, ಸೆಕೆಂಡಿಗೆ 25 ಫ್ರೇಮ್‌ ತೆಗೆಯುವಾಗ ಶಟರ್ 1/50 ಸೆಕೆಂಡ್ ಇಡಿ.

ಮಾತಿಲ್ಲದ ಚಿತ್ರಕ್ಕೆ ಉದ್ದಕ್ಕೂ ಪಿಯಾನೋ ಸುರಿದಿದ್ದೀರಲ್ಲ, ಅದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಅವಳು ಕೊಡ ಇಳಿಸುವ ಸದ್ದು ಎಲ್ಲಿ ಹೋಯಿತು? ಹಾಸ್ಯದಲ್ಲಿ ಹಳೆಯ ಚಿತ್ರಗೀತೆ ಹಾಕಿದ್ದೀರಿ, ಹಕ್ಕು ಪಡೆಯದಿದ್ದರೆ ತೆಗೆಯಿರಿ. ಚಿತ್ರೋತ್ಸವಗಳಿಗೆ ಕಳಿಸುವ ಆಸೆಯಿದ್ದರೆ ನಿಯಮ ಓದದೆ ಯೂಟ್ಯೂಬ್‌ಗೆ ಏರಿಸಬೇಡಿ, ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆನ್ನುವ ಉತ್ಸವಗಳಿವೆ. ಉದ್ದವನ್ನೂ ನೋಡಿಕೊಳ್ಳಿ: ಫ್ರಾನ್ಸಿನ ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ ಹೆಸರುಗಳ ಪಟ್ಟಿಯೂ ಸೇರಿ 15 ನಿಮಿಷವೇ ಮಿತಿ. ತಿಂಗಳಿಗೊಮ್ಮೆ ಶುಲ್ಕ ಕಿತ್ತು ಹತ್ತಾರು ಜನರಿಗೆ ಪ್ರಶಸ್ತಿ ಹಂಚುವವರ ಕಡೆ ತಲೆ ಹಾಕಬೇಡಿ. ಆ ದುಡ್ಡಿಗೆ ಒಂದು ದಿನ ಶಬ್ದ ಬಲ್ಲವರನ್ನು ಕರೆಯಬಹುದು.

2024ರಲ್ಲಿ ಕಾನ್‌ನ ಲಾ ಸಿನೆಫ್ ಎಂಬ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯಕ್ ಅವರ ಕನ್ನಡ ಕಿರುಚಿತ್ರವನ್ನು ನಾವೆಲ್ಲ ಕೊಂಡಾಡಿದೆವು. ಅದನ್ನು ಮಾಡಿದ ಪುಣೆಯ ಫಿಲ್ಮ್ ಸಂಸ್ಥೆಯ ನಾಲ್ವರು ವಿದ್ಯಾರ್ಥಿಗಳಲ್ಲಿ ನಿರ್ದೇಶನಕ್ಕೆ ಒಬ್ಬರು, ಕ್ಯಾಮೆರಾಕ್ಕೆ ಒಬ್ಬರು, ಸಂಕಲನಕ್ಕೆ ಒಬ್ಬರು, ಶಬ್ದಕ್ಕೆಂದೇ ಒಬ್ಬರು. ನಿಮ್ಮ ತಂಡದ ಏಳು ಜನರಲ್ಲಿ ಶಬ್ದಕ್ಕೆ ಯಾರೂ ಇಲ್ಲ, ಪೋಸ್ಟರ್‌ಗೆ ಇಬ್ಬರಿದ್ದಾರೆ!

ಶೂಟಿಂಗ್‌ಗೆ ಮುಂಚೆ ಆ ಅಡುಗೆಮನೆಗೆ ಒಬ್ಬರೇ ಹೋಗಿ, ನೀವು ಚಿತ್ರೀಕರಿಸುವ ಹೊತ್ತಿಗೇ ಕಣ್ಣು ಮುಚ್ಚಿ ಹತ್ತು ನಿಮಿಷ ಕೂತುಕೊಳ್ಳಿ. ಪಂಪ್‌ಸೆಟ್, ಪಕ್ಕದ ಮನೆಯ ಟಿ.ವಿ., ಕುಕ್ಕರ್, ಏನೇನು ಕೇಳಿಸಿತೆಂದು ಬರೆದು ಇಲ್ಲೇ ಹಾಕಿ. ಯಾವುದನ್ನು ನಿಲ್ಲಿಸಬಹುದು, ಯಾವುದರ ಜೊತೆ ಬದುಕಬೇಕು ಎಂದು ಒಂದೊಂದಾಗಿ ನೋಡೋಣ.