ಕಾಣದ ಬದಿಯನ್ನೂ ನುಣುಪು ಮಾಡಬೇಕೇ?

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಈ ವ್ಯಕ್ತಿಯನ್ನು ‘ಕ’ ಎಂದು ಕರೆಯುತ್ತೇನೆ. ನಲವತ್ತು ದಾಟಿದ, ಲೆಕ್ಕಪತ್ರದ ಕೆಲಸದಲ್ಲಿರುವ ಅವರು ಬಂದದ್ದು ನಿದ್ದೆ ಬರುತ್ತಿಲ್ಲವೆಂಬ ದೂರಿನೊಂದಿಗೆ. ಸಭೆಯೊಂದರಲ್ಲಿ ಎಲ್ಲರೆದುರು ಛೀಮಾರಿ ಹಾಕಿಸಿಕೊಂಡ ಮೇಲೆ, ಪ್ರತಿ ವರದಿಯನ್ನೂ ಎಂಟು ಹತ್ತು ಬಾರಿ ಓದುವ, ಕಳುಹಿಸಿದ ನಂತರವೂ ಮೇಲಧಿಕಾರಿಯ ಮುಖದಲ್ಲಿ ತನ್ನ ತಪ್ಪನ್ನು ಹುಡುಕುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು.

ಎರಡನೆಯ ಭೇಟಿಯಲ್ಲಿ ಮಾತಿನ ನಡುವೆ, “ಸಂಜೆ ಮರಗೆಲಸಕ್ಕೆ ಕೂತಾಗ ಮಾತ್ರ ತಲೆ ಸುಮ್ಮನಿರುತ್ತದೆ ಮೇಡಂ” ಎಂದರು. ಆ ಬಗ್ಗೆಯೇ ಹೇಳಿ ಎಂದೆ. ಹಲಗೆಯನ್ನು ಹೆರೆದು ನುಣುಪಾಗಿಸುವ ಉಜ್ಜುಗೊರಡನ್ನು ಮರದ ಎಳೆಗೆ ಎದುರಾಗಿ ತಳ್ಳಿದರೆ ಮೇಲ್ಮೈ ಕಿತ್ತು ಬರುತ್ತದೆ, ಹಲಗೆಯನ್ನು ತಿರುಗಿಸಿಟ್ಟು ತಳ್ಳಿದರೆ ಅದೇ ಅಲಗಿನಿಂದ ಈರುಳ್ಳಿ ಸಿಪ್ಪೆಯಂಥ ಸುರುಳಿ ಏಳುತ್ತದೆ, ಯಾವುದು ಸರಿಯೆಂದು ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯುತ್ತದೆ ಎಂದು ವಿವರಿಸುವಾಗ, ಅವರ ದನಿಯಲ್ಲಿ ಅದುವರೆಗೆ ನಾನು ಕೇಳದಿದ್ದ ಖಚಿತತೆಯಿತ್ತು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಸ್ವಸಾಮರ್ಥ್ಯದ ಕುರಿತು ಬರೆದಾಗ, ‘ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಮೂಲಗಳಲ್ಲಿ ಸ್ವತಃ ಮಾಡಿ ಸಾಧಿಸಿದ ಅನುಭವಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು. ಕ ಅವರ ವಿಷಯದಲ್ಲಿ ನನಗೆ ಮುಖ್ಯವೆನಿಸಿದ್ದು ಇನ್ನೂ ಒಂದಿದೆ. ಮೂಲೆ ಲಂಬಕೋನದಲ್ಲಿದೆಯೇ ಎಂದು ನೋಡುವ ಮೂಲೆಮಟ್ಟವನ್ನು ಅಂಚಿಗೆ ಹಿಡಿದಾಗ ನಡುವೆ ಬೆಳಕು ಇಣುಕಿದರೆ ಕೆಲಸ ಬಾಕಿಯಿದೆ, ಇಣುಕದಿದ್ದರೆ ಮುಗಿದಿದೆ. ಅಲ್ಲಿ ಯಾರ ಮುಖಭಾವವನ್ನೂ ಓದಬೇಕಾಗಿಲ್ಲ.

ಆದರೆ ಕರಕುಶಲವೇ ಔಷಧವೆಂದು ಸಲೀಸಾಗಿ ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಲ್ಕನೆಯ ಭೇಟಿಯ ಹೊತ್ತಿಗೆ ಅವರು ಒಂದು ಪುಟ್ಟ ಮೇಜಿನ ಕಾಲಿನ ಜೋಡಣೆಯನ್ನು ನಾಲ್ಕು ಸಲ ಕತ್ತರಿಸಿ ಹೊಸದಾಗಿ ಮಾಡಿದ್ದರು, ಮೇಲ್ಹಲಗೆಯ ಅಡಿಬದಿಯನ್ನು ಮೂರು ವಾರದಿಂದ ಮರಳುಕಾಗದದಿಂದ ಉಜ್ಜುತ್ತಿದ್ದರು. ಕಚೇರಿಯ ಕಾಯಿಲೆ ಮರಗೆಲಸದ ಕೋಣೆಗೂ ಕಾಲಿಟ್ಟಿತ್ತು.

ಹಳೆಯ ಕಾಲದ ಉತ್ತಮ ಪೀಠೋಪಕರಣಗಳನ್ನು ಮಗುಚಿ ನೋಡಿದ್ದೀರಾ ಎಂದು ಕೇಳಿದೆ. ನೋಡಿದ್ದರು. ಡ್ರಾಯರಿನ ತಳದಲ್ಲಿ, ಬೆನ್ನಿನ ಹಲಗೆಯಲ್ಲಿ ಗರಗಸದ, ಉಜ್ಜುಗೊರಡಿನ ಒರಟು ಗೆರೆಗಳು ಹಾಗೇ ಉಳಿದಿರುವುದು ಸಾಮಾನ್ಯ. ಅದು ಕುಶಲಕರ್ಮಿಯ ಸೋಮಾರಿತನವಲ್ಲ, ಶ್ರಮ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ತೀರ್ಮಾನ. ಹಾಗಾಗಿ ಕೆಲಸಕ್ಕೆ ಕೈ ಹಾಕುವ ಮೊದಲೇ ಯಾವ ಬದಿ ನುಣುಪಾಗಬೇಕು, ಯಾವುದು ಒರಟಾಗಿರಬಹುದು, ಜೋಡಣೆಯಲ್ಲಿ ಎಷ್ಟು ಸಂದನ್ನು ಒಪ್ಪಬಹುದು ಎಂದು ಬರೆದಿಡಲು, ಆಮೇಲೆ ಆ ಚೀಟಿಯನ್ನು ತಿದ್ದದಿರಲು ಸಲಹೆ ನೀಡಿದೆ. ಆಗ ಅವರೇ ಒಂದು ಮಾತು ಸೇರಿಸಿದರು: ಅಗಲವಾದ ಹಲಗೆ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವುದರಿಂದ ಅದನ್ನು ಚೌಕಟ್ಟಿಗೆ ಎಲ್ಲ ಕಡೆ ಬಿಗಿದು ಅಂಟಿಸಿದರೆ ಸೀಳುತ್ತದೆ, ಅಲುಗಾಡಲು ಜಾಗ ಬಿಡಲೇಬೇಕು. ನಾನು ಸುಮ್ಮನಿದ್ದೆ, ಅವರು ನಕ್ಕರು.

ಇದೇ ಕ್ರಮವನ್ನು ಕಚೇರಿಗೂ ಒಯ್ದೆವು. ಪರೀಕ್ಷಿಸಬೇಕಾದ ಅಂಶಗಳನ್ನು ಮೊದಲೇ ಬರೆದುಕೊಂಡು, ವರದಿಯನ್ನು ಎರಡು ಬಾರಿ ಮಾತ್ರ ಓದಿ ಕಳುಹಿಸುವುದು, ಬಳಿಕ ಅರ್ಧ ಗಂಟೆ ಅದನ್ನು ತೆರೆಯದಿರುವುದು. ಮೊದಮೊದಲು ಕಳವಳ ಹೆಚ್ಚುತ್ತದೆ, ಅದನ್ನು ತಣಿಸಲು ಮತ್ತೆ ಓದಿದರೆ ಅಭ್ಯಾಸ ಇನ್ನಷ್ಟು ಬಲಿಯುತ್ತದೆ ಎಂದು ಮುಂಚೆಯೇ ತಿಳಿಸಿದ್ದೆ. ನಿದ್ದೆಯ ತೊಂದರೆಗೆ ವೈದ್ಯರನ್ನು ಕಾಣುವಂತೆಯೂ ಹೇಳಿದ್ದೆ, ಕಂಡರು.

ಎಂಟನೆಯ ಭೇಟಿಗೆ ಮೇಜಿನ ಫೋಟೋ ತಂದಿದ್ದರು, ಅಡಿಬದಿಯದ್ದು. ಗರಗಸದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ವರದಿಗಳನ್ನು ಈಗಲೂ ಕೆಲವೊಮ್ಮೆ ಮೂರನೆಯ ಸಲ ಓದುತ್ತಾರಂತೆ. ಮುಂದಿನ ಭೇಟಿಯನ್ನು ಆರು ವಾರಗಳ ನಂತರಕ್ಕೆ ಇಟ್ಟುಕೊಂಡಿದ್ದೇವೆ.