ಎಲೆ, ಅಡಿಕೆ, ಸುಣ್ಣ ಸಾಕು: ‘ಬಿಡಿ ಮತ್ತು ಇಡಿ’ ಲೇಖಕರಿಗೆ

ಪ್ರಿಯ ಲೇಖಕರೇ,

ನಿಮ್ಮ ‘ಬಿಡಿ ಮತ್ತು ಇಡಿ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೆ ಮೂರನೇ ಪುಟದಲ್ಲಿ ತಾಂಬೂಲದ ಬಗ್ಗೆ ಒಂದು ಸಾಲಿದೆ. ಅದನ್ನೇ ಹಿಡಿದು ತಿದ್ದಿ ಬರೆದರೆ ಖಂಡಿತ ನೋಡುತ್ತೇವೆ.

ಪಾಶ್ಚಾತ್ಯ ವಿಜ್ಞಾನ ಎಲ್ಲವನ್ನೂ ಬಿಡಿಭಾಗಗಳಿಗೆ ಇಳಿಸುವ ರಿಡಕ್ಷನಿಸಂ, ಭಾಗಗಳಲ್ಲಿಲ್ಲದ ಗುಣ ಇಡಿಯಲ್ಲಿ ಹುಟ್ಟುವ ಎಮರ್ಜೆನ್ಸನ್ನು ಕಂಡವರು ನಮ್ಮವರು ಎಂಬುದು ನಿಮ್ಮ ವಾದ. ಈ ಗೆರೆ ನಿಲ್ಲುವುದಿಲ್ಲ. ಎರಡೂ ಕಡೆ ಈ ಜಗಳ ಮನೆಯೊಳಗಿನದೇ.

ಮೊದಲು ಪದ. ಎಮರ್ಜೆನ್ಸ್‌ಗೆ ನೀವು ಉದ್ದಕ್ಕೂ ‘ಆವಿರ್ಭಾವ’ ಎಂದು ಬಳಸಿದ್ದೀರಿ. ಅದು ಸಾಂಖ್ಯ ದರ್ಶನದವರ ಮಾತು: ಎಳ್ಳಿನೊಳಗಿದ್ದ ಎಣ್ಣೆಯಂತೆ, ಕಾರಣದಲ್ಲಿ ಅಡಗಿದ್ದದ್ದೇ ಹೊರಬಂತು ಎಂಬ ಸತ್ಕಾರ್ಯವಾದ. ನೀವು ಹೇಳಹೊರಟಿದ್ದಕ್ಕೆ ನೇರ ವಿರುದ್ಧ! ನಿಮಗೆ ಬೇಕಾದದ್ದು ಪರಮಾಣುಗಳನ್ನು ನಂಬುವ ವೈಶೇಷಿಕ ದರ್ಶನದವರ ಆರಂಭವಾದ. ಅಲ್ಲಿ ಬಟ್ಟೆ ಎಂಬುದು ನೂಲುಗಳಿಂದ ಹೊಸದಾಗಿ ಹುಟ್ಟುವ ವಸ್ತು. ಅವರ ಲೆಕ್ಕವನ್ನೂ ಬಿಟ್ಟಿದ್ದೀರಿ. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಂಡಿಯ ಬಿಸಿಲಿನಲ್ಲಿ ತೇಲುವ ದೂಳಿನ ಕಣ ಅದು. ಅದಕ್ಕೆ ಕಾಣುವಷ್ಟು ಗಾತ್ರ ಬಂದದ್ದು ಭಾಗಗಳ ಗಾತ್ರದಿಂದಲ್ಲ, ಅವುಗಳ ಸಂಖ್ಯೆಯಿಂದ ಎನ್ನುತ್ತಾರೆ. ಒಂದು ಇಡೀ ಪ್ಯಾರಾ ಇದಕ್ಕೆ ಕೊಡಿ.

ಈಗ ತಾಂಬೂಲ. ಎಲೆ, ಅಡಿಕೆ, ಸುಣ್ಣ ಸೇರಿದಾಗ ಕೆಂಪು ಬರುವಂತೆ ಮಣ್ಣು, ನೀರು, ಬೆಂಕಿ, ಗಾಳಿಯೆಂಬ ಭೂತಗಳು ಸೇರಿದಾಗ ಚೈತನ್ಯ ಬರುತ್ತದೆ ಎಂಬ, ಜಡವೇ ಎಲ್ಲ ಎನ್ನುವ ಚಾರ್ವಾಕರ ಮಾತನ್ನು ರಿಡಕ್ಷನಿಸಂಗೆ ಉದಾಹರಣೆಯಾಗಿ ಕೊಟ್ಟು ಮುಂದೆ ಹೋಗಿದ್ದೀರಿ. ಚೈತನ್ಯವನ್ನು ಜಡಕ್ಕೆ ಇಳಿಸುವ ಆ ವಾದಕ್ಕೆ ಆಧಾರವೇ ಎಮರ್ಜೆನ್ಸ್ ಎಂಬುದು ಕಣ್ತಪ್ಪಿದೆ. ಇದಕ್ಕೆ ಸಾಂಖ್ಯಸೂತ್ರದ ಮೂರನೇ ಅಧ್ಯಾಯದಲ್ಲಿ ಉತ್ತರವಿದೆ: ಚಾರ್ವಾಕರ ಇನ್ನೊಂದು ಉಪಮೆಯಾದ ಹೆಂಡದ ಅಮಲು ಅದರ ಒಂದೊಂದು ಪದಾರ್ಥದಲ್ಲೂ ಸೂಕ್ಷ್ಮವಾಗಿ ಇದ್ದೇ ಇರುತ್ತದೆ, ಆದ್ದರಿಂದ ಕೂಡಿದಾಗ ಎದ್ದುಬರುತ್ತದೆ, ಚೈತನ್ಯ ಹಾಗೆ ಬಿಡಿಭೂತಗಳಲ್ಲಿ ಕಾಣುವುದಿಲ್ಲ. ಈ ಸವಾಲು ಜವಾಬು ನಿಮ್ಮ ಲೇಖನದ ನಡುಗಂಬವಾಗಬೇಕಿತ್ತು. ಚಾರ್ವಾಕರ ಮಾತು ನಮಗೆ ಹೆಚ್ಚಾಗಿ ಸಿಗುವುದು ಎದುರಾಳಿಗಳ ಗ್ರಂಥಗಳಲ್ಲಿ, ಪೂರ್ವಪಕ್ಷವಾಗಿ, ಅಂದರೆ ಖಂಡಿಸಲೆಂದು ಮೊದಲು ಎತ್ತಿಹೇಳುವ ವಾದವಾಗಿ ಎಂಬುದನ್ನೂ ಹೇಳಿ. ಅಂದಹಾಗೆ ಚಾರ್ವಾಕಮತವನ್ನೂ ವಿವರಿಸುವ ‘ಸರ್ವದರ್ಶನಸಂಗ್ರಹ’ ಉಡುಪಿಯ ಮಧ್ವಾಚಾರ್ಯರದಲ್ಲ, 14ನೇ ಶತಮಾನದ ಮಾಧವಾಚಾರ್ಯರದು.

ಕೆಂಪು ಎಲ್ಲಿಂದ ಬಂತು ಎಂದು ನೀವು ಕೇಳಿಯೇ ಇಲ್ಲ. ಎಲೆ ಬಿಟ್ಟು ಅಡಿಕೆಪುಡಿಗೆ ಸುಣ್ಣದ ನೀರು ಹಾಕಿ ಕಲಸಿದರೂ ಕೆಂಪೇರುತ್ತದೆ. ಸುಣ್ಣ ಕ್ಷಾರ; ಆ ಕ್ಷಾರದಲ್ಲಿ ಅಡಿಕೆಯ ಒಗರಿನ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕದೊಂದಿಗೆ ಉತ್ಕರ್ಷಣಗೊಂಡು ಕೆಂಪು ವರ್ಣದ್ರವ್ಯವಾಗುತ್ತವೆ. ಅಂದರೆ ಭಾಗಗಳಲ್ಲಿ ಕೆಂಪು ಇರಲಿಲ್ಲ, ಆದರೆ ಕೆಂಪಾಗುವುದನ್ನು ಭಾಗಗಳಿಂದಲೇ ವಿವರಿಸಬಹುದು. ಈ ಎರಡು ಮಾತನ್ನು ನೀವು ಎಲ್ಲ ಕಡೆ ಒಂದೇ ಮಾಡಿದ್ದೀರಿ. ಇಂಗ್ಲೆಂಡಿನ ತತ್ವಜ್ಞಾನಿ ಸಿ.ಡಿ. ಬ್ರಾಡ್ ಎಡವಿದ್ದೂ ಇಲ್ಲೇ. ಬೆಳ್ಳಿ, ಕ್ಲೋರಿನ್‌ಗಳನ್ನು ಬೇರೆಬೇರೆಯಾಗಿ ಎಷ್ಟು ಅರಿತರೂ ಸಿಲ್ವರ್ ಕ್ಲೋರೈಡಿನ ಗುಣ ಮುಂಚಿತವಾಗಿ ಹೇಳಲಾಗದು ಎಂದು 1925ರಲ್ಲಿ ವಾದಿಸಿದರು. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬ ಭೌತವಿಜ್ಞಾನಿಗಳು ಹೈಡ್ರೋಜನ್ ಅಣುವಿನ ಬಂಧವನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದ ಮೇಲೆ ರಸಾಯನಶಾಸ್ತ್ರದಲ್ಲಿ ಆ ವಾದ ಸೊರಗಿತು.

ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್‌ರ 1972ರ ಪ್ರಬಂಧವನ್ನು ‘ರಿಡಕ್ಷನಿಸಂನ ಮರಣಶಾಸನ’ ಎಂದಿದ್ದೀರಿ. ಅವರು ರಿಡಕ್ಷನಿಸಂ ಅನ್ನು ಆರಂಭದಲ್ಲೇ ಒಪ್ಪುತ್ತಾರೆ. ಅವರ ತಕರಾರು ಬೇರೆ: ಮೂಲ ನಿಯಮಗಳಿಗೆ ಇಳಿಸಬಲ್ಲೆವು ಎಂದಮಾತ್ರಕ್ಕೆ ಆ ನಿಯಮಗಳಿಂದ ಹೊರಟು ಜಗತ್ತನ್ನು ಮತ್ತೆ ಕಟ್ಟಬಲ್ಲೆವು ಎಂದಾಗುವುದಿಲ್ಲ. ಆ ಪ್ಯಾರಾ ಪೂರ್ತಿ ಬದಲಾಗಬೇಕು.

ಇರುವೆಗೂಡು, ಹಕ್ಕಿಗಳ ಹಿಂಡು, ಷೇರುಪೇಟೆ, ನೀರಿನ ಒದ್ದೆತನ: ಎಲ್ಲಕ್ಕೂ ಎರಡೆರಡು ಸಾಲು, ಯಾವುದರಲ್ಲೂ ಜೀವವಿಲ್ಲ. ತೆಗೆಯಿರಿ. ಅರಿಸ್ಟಾಟಲ್ ‘ಇಡಿ ಭಾಗಗಳ ಮೊತ್ತಕ್ಕಿಂತ ದೊಡ್ಡದು’ ಎಂದಿಲ್ಲ. ಅಕ್ಷರಗಳಷ್ಟೇ ಸೇರಿ ಉಚ್ಚಾರಾಂಶವಾಗದು, ಅಲ್ಲಿ ಇನ್ನೊಂದೇನೋ ಇದೆ ಎಂಬುದು ಅವನ ವಾದ.

1,200 ಪದಗಳಲ್ಲಿ, ಅಡಿಕೆ ಸುಣ್ಣದಿಂದಲೇ ಶುರುಮಾಡಿ ಕಳಿಸಿ. ಆರತಿಯ ಓಕುಳಿ ನೀರನ್ನೂ ಸೇರಿಸುವ ಆಸೆಯಿದ್ದರೆ ಎಚ್ಚರ: ಸುಣ್ಣದಿಂದ ಕೆಂಪಾದ ಅರಿಸಿನಕ್ಕೆ ನಿಂಬೆ ಹಿಂಡಿದರೆ ಮತ್ತೆ ಹಳದಿ, ಅಡಿಕೆಯ ಉತ್ಕರ್ಷಣ ಹಾಗೆ ಹಿಂದಿರುಗುವಂಥದ್ದಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಬೇಡಿ.

ಸಂಪಾದಕರು